ಮದುವೆಯಾದ ಮೇಲೆ ಸರ್‌ನೇಮ್: ಬದಲಿಸುವುದು ಸುಲಭ, ಎಲ್ಲ ಕಡೆ ಒಂದೇ ಆಗಿಸುವುದು ಕಷ್ಟ

ಮದುವೆ ನೋಂದಣಿ ಪ್ರಮಾಣಪತ್ರವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ವಧುವಿನ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ. ವರನದ್ದೂ ಹಾಗೆಯೇ. ಮದುವೆಯಾದ ದಿನ, ಸ್ಥಳ, ಅಧಿಕಾರಿಯ ಸಹಿ, ಮೊಹರು. ಮದುವೆಯ ನಂತರ ವಧು ಯಾವ ಹೆಸರು ಇಟ್ಟುಕೊಳ್ಳುತ್ತಾಳೆ ಎಂಬುದಕ್ಕೆ ಸಾಮಾನ್ಯವಾಗಿ ಅಲ್ಲಿ ಒಂದು ಸಾಲೂ ಇರುವುದಿಲ್ಲ. ಆದರೂ ಆಧಾರ್ ಕೇಂದ್ರದಿಂದ ಬ್ಯಾಂಕಿನ ತನಕ ಹೆಸರು ಬದಲಾವಣೆಗೆ ಎಲ್ಲರೂ ಮೊದಲು ಕೇಳುವ ಕಾಗದ ಅದೇ. ಹೊಸ ಹೆಸರೇ ಇಲ್ಲದ ಕಾಗದ ಹೊಸ ಹೆಸರಿಗೆ ಪುರಾವೆಯಾಗುವುದು ಹೇಗೆ? ಕೌಂಟರಿನ ಆಚೆ ಕುಳಿತವರು ಗಂಡನ ಹೆಸರಿನ ಕೊನೆಯ ಪದ ನೋಡುತ್ತಾರೆ, ಅರ್ಜಿಯಲ್ಲಿರುವ ಹೊಸ ಹೆಸರಿನ ಕೊನೆಯ ಪದ ನೋಡುತ್ತಾರೆ, ಎರಡೂ ತಾಳೆಯಾದರೆ ಸರಿ ಎನ್ನುತ್ತಾರೆ. ಗಂಡನ ಹೆಸರಿಗೆ ಮನೆತನದ ಹೆಸರು ಅಂಟಿಕೊಂಡಿರುವ ಕಡೆ ಈ ಊಹೆ ಸಲೀಸಾಗಿ ನಡೆಯುತ್ತದೆ. ಇನಿಷಿಯಲ್ಲಿನಲ್ಲೇ ಬದುಕುವ ನಮ್ಮಲ್ಲಿ ಅರ್ಧಕ್ಕರ್ಧ ಜನರಿಗೆ ಅದು ಅಲ್ಲಿಯೇ ಮುಗ್ಗರಿಸುತ್ತದೆ.

ಕಾನೂನಿನ ಮಾತು ಮೊದಲೇ ಹೇಳಿಬಿಡೋಣ, ಅದು ಚಿಕ್ಕದು. ಮದುವೆಯಾದ ಹೆಣ್ಣು ಗಂಡನ ಹೆಸರು ಇಟ್ಟುಕೊಳ್ಳಲೇಬೇಕು ಎನ್ನುವ ಕಾಯ್ದೆ ಭಾರತದಲ್ಲಿ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಇಲ್ಲ, 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ಇಲ್ಲ. ಮದುವೆಯ ದಿನ ಹೆಸರು ತಾನಾಗಿ ಬದಲಾಗುವುದೂ ಇಲ್ಲ. ತನ್ನ ಹೆಸರಿನ ಮೇಲೆ ವ್ಯಕ್ತಿಗೆ ಇರುವ ಹಿಡಿತ ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ, ಸಿಬಿಎಸ್‌ಇ ಪ್ರಮಾಣಪತ್ರಗಳ ಹೆಸರು ತಿದ್ದುಪಡಿಯ ಪ್ರಕರಣದಲ್ಲಿ ಹೇಳಿದೆ. ಪಾಸ್‌ಪೋರ್ಟಿಗಾಗಿ ಹೆಸರು ಬದಲಿಸಬೇಕಿಲ್ಲ ಎಂದು 2017ರ ಏಪ್ರಿಲ್‌ನಲ್ಲಿ ಪ್ರಧಾನಿಯೇ ಸಾರ್ವಜನಿಕವಾಗಿ ಹೇಳಿದ್ದರು. ಬೇಕೆಂದರೆ ಬದಲಿಸಬಹುದು, ಬೇಡವೆಂದರೆ ಯಾರೂ ಒತ್ತಾಯಿಸುವಂತಿಲ್ಲ. ತೊಡಕು ಇರುವುದು ಕಾನೂನಿನಲ್ಲಲ್ಲ, ಅರ್ಜಿಯ ಖಾನೆಗಳಲ್ಲಿ.

ಒಂದೇ ಹೆಸರು, ನಾಲ್ಕು ಬಗೆಯ ಖಾನೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಗರಾಜ ಎಂಬುವರ ಮಗಳು ಸುಮಾ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವಳು ‘ಸುಮಾ ಎನ್.’ ಆಧಾರ್‌ನಲ್ಲಿ ಹೆಸರಿಗೆ ಒಂದೇ ಉದ್ದನೆಯ ಖಾನೆ ಇರುವುದರಿಂದ ಅಲ್ಲಿಯೂ ‘ಸುಮಾ ಎನ್’ ಎಂದೇ ಕೂತಿದೆ. ಪ್ಯಾನ್‌ನಲ್ಲಿ ಮೊದಲ ಹೆಸರು, ನಡುಹೆಸರು, ಕೊನೆಯ ಹೆಸರು ಎಂದು ಮೂರು ಖಾನೆ. ಕೊನೆಯ ಹೆಸರಿಗೆ ಬರೀ ಇನಿಷಿಯಲ್ ಹಾಕಲು ಬಿಡುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ‘ಸುಮಾ ನಾಗರಾಜ್’. ಪಾಸ್‌ಪೋರ್ಟಿನಲ್ಲಿ ಎರಡು ಖಾನೆ: ಗಿವನ್ ನೇಮ್ ಸುಮಾ, ಸರ್‌ನೇಮ್ ನಾಗರಾಜ್. ಮದುವೆಗೆ ಮೊದಲೇ ಅವಳಿಗೆ ದಾಖಲೆಗಳಲ್ಲಿ ಎರಡು ಹೆಸರಿವೆ, ಇಷ್ಟು ದಿನ ಅದು ಯಾರ ಗಮನಕ್ಕೂ ಬಂದಿಲ್ಲ.

ಈಗ ಗಂಡ ಕಿರಣ್ ಹೆಗಡೆ ಎಂದುಕೊಳ್ಳಿ. ‘ಸುಮಾ ಹೆಗಡೆ’ ಆಗುವುದು ಸರಳವಾದ ಹಾದಿ. ಆದರೆ ಕನ್ನಡದಲ್ಲಿ ಒಂದೇ ಆಗಿ ಕಾಣುವ ಹೆಗಡೆ, ಇಂಗ್ಲಿಷ್ ಅಕ್ಷರಗಳಲ್ಲಿ ‘ಜಿ’ ಆದ ಮೇಲೆ ‘ಎ’ ಇದ್ದೂ ಬರುತ್ತದೆ, ಇಲ್ಲದೆಯೂ ಬರುತ್ತದೆ. ಗಂಡನ ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಹೆಂಡತಿ ಎರಡರಲ್ಲಿ ಯಾವುದನ್ನು ಹಿಡಿದರೂ ಅರ್ಧ ಕಡೆ ತಪ್ಪು. ಕಂಪ್ಯೂಟರು ಉಚ್ಚಾರ ಕೇಳುವುದಿಲ್ಲ, ಅಕ್ಷರ ಎಣಿಸುತ್ತದೆ.

ಗಂಡ ‘ಮಂಜುನಾಥ ಕೆ.’ ಆಗಿದ್ದರೆ? ಇಲ್ಲಿ ಮಜವಾದ ಎಡವಟ್ಟೊಂದಿದೆ. ಪಾಸ್‌ಪೋರ್ಟಿಗಾಗಿ ಅವನು ‘ಕೆ’ಯನ್ನು ಬಿಡಿಸಿ ಸರ್‌ನೇಮ್ ಖಾನೆಯಲ್ಲಿ ಕೃಷ್ಣಪ್ಪ ಎಂದು ತಂದೆಯ ಹೆಸರು ಹಾಕಿರುತ್ತಾನೆ. ‘ಗಂಡನ ಸರ್‌ನೇಮ್ ತೆಗೆದುಕೊಳ್ಳುತ್ತೇನೆ’ ಎಂದು ಅರ್ಜಿ ತುಂಬಿದ ಸುಮಾ ಆಗ ‘ಸುಮಾ ಕೃಷ್ಣಪ್ಪ’ ಆಗುತ್ತಾಳೆ. ಅಂದರೆ ಮಾವನ ಹೆಸರಿನವಳು. ಅವಳಿಗೆ ಬೇಕಿದ್ದದ್ದು ‘ಸುಮಾ ಮಂಜುನಾಥ’. ಅದನ್ನು ಕೇಳಿದರೆ, ಗಂಡನ ಸರ್‌ನೇಮ್ ಇದಲ್ಲವಲ್ಲ ಎಂಬ ಪ್ರಶ್ನೆ ಕೌಂಟರಿನಿಂದ ಬರುತ್ತದೆ. ಇಂಥ ಕಡೆ ಮದುವೆ ಪ್ರಮಾಣಪತ್ರವೊಂದನ್ನೇ ನೆಚ್ಚಿಕೊಳ್ಳಬಾರದು, ಹೊಸ ಹೆಸರನ್ನು ಅಕ್ಷರ ಬಿಡದೆ ಹೇಳುವ ಇನ್ನೊಂದು ಕಾಗದ ಬೇಕು.

ಉತ್ತರ ಕರ್ನಾಟಕದ ಲೆಕ್ಕ ಬೇರೆ. ಅಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ‘ಲಕ್ಷ್ಮೀ ಬಸವರಾಜ ಪಾಟೀಲ’ ಇನ್ನೊಬ್ಬ ಪಾಟೀಲರ ಮನೆಗೇ ಸೊಸೆಯಾಗಿ ಹೋದರೂ ‘ಲಕ್ಷ್ಮೀ ವಿರೂಪಾಕ್ಷ ಪಾಟೀಲ’ ಆಗುತ್ತಾಳೆ. ಕೊನೆಯ ಪದ ಹಾಗೇ ಇದ್ದು ನಡುವಿನದು ಮಾತ್ರ ಬದಲಾಗುವ ಈ ಬಗೆಯನ್ನು ‘ಸರ್‌ನೇಮ್ ಬದಲಾವಣೆ’ ಎಂಬ ಒಂದೇ ಟಿಕ್ ಗುರುತು ಹಿಡಿದಿಡಲಾರದು. ಕೊಡವರಲ್ಲಿ ಮನೆತನದ ಹೆಸರು ಮೊದಲಿಗೇ ಬರುತ್ತದೆ, ಫಾರಂ ಮಾತ್ರ ಅದನ್ನು ಕೊನೆಗೆ ಕೇಳುತ್ತದೆ. ಇನ್ನು ಕೆಲವು ಮನೆಗಳಲ್ಲಿ ಮದುವೆಯ ದಿನ ಸೊಸೆಯ ಮೊದಲ ಹೆಸರನ್ನೇ ಬದಲಿಸುವ ರೂಢಿಯಿದೆ. ಅದು ಕಾಗದದ ಮಟ್ಟಿಗೆ ಪೂರ್ತಿ ಹೊಸ ಹೆಸರು. ಮದುವೆ ಪ್ರಮಾಣಪತ್ರ ಅಲ್ಲಿ ಏನೇನೂ ಸಾಲದು, ಗೆಜೆಟ್ (ಸರ್ಕಾರದ ರಾಜಪತ್ರ) ಪ್ರಕಟಣೆ ಇಲ್ಲದೆ ನಡೆಯುವುದಿಲ್ಲ.

ಸೇರಿಸುವುದು ಬೇರೆ, ಬದಲಿಸುವುದು ಬೇರೆ

ಬಹಳ ಮಂದಿ ಹೆಸರು ಬದಲಿಸಲು ಹೊರಡುವುದು ‘ಗಂಡನ ಹೆಸರು ದಾಖಲೆಗೆ ಬರಬೇಕು’ ಎಂಬ ಕಾರಣಕ್ಕೆ. ಅದಕ್ಕೆ ಹೆಸರು ಬದಲಿಸುವ ಅಗತ್ಯವೇ ಇಲ್ಲ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಸಂಗಾತಿಯ ಹೆಸರಿಗೆ ಬೇರೆಯೇ ಜಾಗವಿದೆ. ಮದುವೆ ಪ್ರಮಾಣಪತ್ರ ಇಲ್ಲದವರು ಇಬ್ಬರ ಜಂಟಿ ಫೋಟೊ ಅಂಟಿಸಿ, ಇಬ್ಬರೂ ಸಹಿ ಮಾಡಿದ ಘೋಷಣೆ ಕೊಟ್ಟು ಅದನ್ನು ತುಂಬಿಸಿಕೊಳ್ಳಬಹುದು. ಆಧಾರ್‌ನಲ್ಲಿ ವಿಳಾಸದ ಜೊತೆ ‘ಕೇರ್ ಆಫ್’ ಎಂದು ಗಂಡನ ಹೆಸರು ಬರುತ್ತದೆ, ಅದೂ ಐಚ್ಛಿಕ. ಪ್ಯಾನ್ ಕಾರ್ಡಿನಲ್ಲಿ ಗಂಡನ ಹೆಸರಿಗೆ ಜಾಗವೇ ಇಲ್ಲ. ಮದುವೆಯಾದವಳಿಗೂ ಅಲ್ಲಿ ತಂದೆಯ ಅಥವಾ ತಾಯಿಯ ಹೆಸರೇ ಬರುತ್ತದೆ. ತಂದೆಯ ಖಾನೆಯಲ್ಲಿ ಗಂಡನ ಹೆಸರು ತುಂಬಿ ಅರ್ಜಿ ವಾಪಸಾಗುವುದು ಪ್ಯಾನ್ ತಿದ್ದುಪಡಿಯಲ್ಲಿ ದಿನನಿತ್ಯದ ತಪ್ಪು.

ಇದೇ ಗಡಿಬಿಡಿಯಲ್ಲಿ ಮರೆತುಹೋಗುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ನೌಕರಿಯಲ್ಲಿರುವವರು ಮದುವೆಗೆ ಮೊದಲು ಪಿಎಫ್‌ಗೆ ಮಾಡಿದ ನಾಮನಿರ್ದೇಶನ, ಕುಟುಂಬ ಉಂಟಾದ ಕೂಡಲೇ ಅಸಿಂಧು ಎಂದು ಭವಿಷ್ಯ ನಿಧಿ ಯೋಜನೆಯ 61ನೇ ಪ್ಯಾರಾ ಹೇಳುತ್ತದೆ. ಹೆಸರು ಬದಲಿಸಿದರೂ ಬಿಟ್ಟರೂ ಈ ನಾಮಿನೇಷನ್ ಹೊಸದಾಗಿ ಮಾಡಲೇಬೇಕು. ಸರ್‌ನೇಮಿಗಿಂತ ಇದು ತುರ್ತಿನ ಕೆಲಸ.

ಯಾವುದು ಮೊದಲು?

ಬದಲಿಸಲೇಬೇಕು ಎಂದು ತೀರ್ಮಾನಿಸಿದವರು ಮೊದಲು ಒಂದು ಹಾಳೆಯಲ್ಲಿ ಹೊಸ ಹೆಸರನ್ನು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಬರೆದಿಟ್ಟುಕೊಳ್ಳಲಿ. ಎಷ್ಟು ಪದ, ಪದಗಳ ನಡುವೆ ಎಲ್ಲಿ ಜಾಗ, ಯಾವ ಖಾನೆಗೆ ಯಾವ ಪದ ಎಂಬುದು ಅಲ್ಲಿಯೇ ಇತ್ಯರ್ಥವಾಗಬೇಕು. ಇನಿಷಿಯಲ್ ಉಳಿಸಿಕೊಳ್ಳಬೇಡಿ ಎಂಬುದು ನಮ್ಮ ಸಲಹೆ. ಹೆಸರು ಬದಲಿಸುವ ಶ್ರಮ ಹೇಗೂ ಪಡುತ್ತಿರುವಾಗ ಎರಡು ಪೂರ್ತಿ ಪದಗಳ ಹೆಸರು ಮಾಡಿಕೊಂಡರೆ ಮುಂದಿನ ತಲೆನೋವು ತಪ್ಪುತ್ತದೆ. ಪಾಸ್‌ಪೋರ್ಟಿನಲ್ಲಿ ಎರಡು ಖಾನೆಗಳಲ್ಲಿ ಒಂದು ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ‘ಮೊದಲ ಹೆಸರು ಗೊತ್ತಿಲ್ಲ’ ಎಂಬರ್ಥದ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಅಂಟಿಕೊಳ್ಳಬಹುದು. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು.

ಆಮೇಲೆ ಮದುವೆ ನೋಂದಣಿ. ಛತ್ರದವರು ಕೊಡುವ ರಸೀದಿ, ದೇವಸ್ಥಾನದ ಪತ್ರ ಇವೆಲ್ಲ ನೋಂದಣಿಗೆ ಪೂರಕ ದಾಖಲೆಗಳಾಗಬಹುದೇ ಹೊರತು ಪ್ರಮಾಣಪತ್ರಕ್ಕೆ ಬದಲಿಯಲ್ಲ. ಕರ್ನಾಟಕದಲ್ಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಹಿಂದೂ ವಿವಾಹಗಳಿಗೆ 2024ರ ಫೆಬ್ರುವರಿಯಿಂದ ಕಾವೇರಿ 2.0 ಜಾಲತಾಣದಲ್ಲಿ ಆನ್‌ಲೈನ್ ಅರ್ಜಿಗೂ ಅವಕಾಶವಿದೆ. ಪ್ರಮಾಣಪತ್ರದ ಕರಡು ಪ್ರತಿ ಕಣ್ಣಿಗೆ ಬಿದ್ದಾಗ ಗಂಡನ ಹೆಸರಿನ ಪ್ರತಿ ಅಕ್ಷರವನ್ನೂ ಅವನ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ನೋಡಿ. ಮುಂದಿನ ಎಲ್ಲ ಕಾಗದಗಳೂ ಈ ಅಕ್ಷರಗಳಿಂದಲೇ ಹುಟ್ಟುತ್ತವೆ. ಇಲ್ಲಿ ತಪ್ಪಾದರೆ ಸಹಿಯಾದ ಮೇಲೆ ತಿದ್ದಿಸಲು ಮತ್ತೆ ಅರ್ಜಿ, ಮತ್ತೆ ಓಡಾಟ.

ಮೂರನೆಯದು ಆಧಾರ್, ಮತ್ತು ಜೋಪಾನವಾಗಿ ನಡೆಯಬೇಕಾದ ಹೆಜ್ಜೆ ಇದೇ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಿಸಬಹುದು. ಕಾಗುಣಿತ ತಿದ್ದಿದರೂ ಅದೊಂದು ಬಾರಿ ಎಂದೇ ಲೆಕ್ಕ. ಸುಮಾ ಮದುವೆಗೆ ಮುಂಚೆ ‘ಎನ್’ ಅನ್ನು ‘ನಾಗರಾಜ್’ ಎಂದು ಬಿಡಿಸಿಕೊಂಡರೆ ಒಂದು ಮುಗಿಯಿತು. ಮದುವೆಯಾದ ಮೇಲೆ ‘ಹೆಗಡೆ’ ಮಾಡಿಕೊಂಡರೆ ಎರಡನೆಯದೂ ಮುಗಿಯಿತು. ಆ ಹೆಗಡೆಯಲ್ಲಿ ಒಂದಕ್ಷರ ತಪ್ಪಿದ್ದರೆ ಮೂರನೆಯ ಸಲಕ್ಕೆ ಗೆಜೆಟ್ ಪ್ರತಿ ಹಿಡಿದು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಪ್ರಾದೇಶಿಕ ಕಚೇರಿಯ ವಿಶೇಷ ಅನುಮತಿ ಕೇಳಬೇಕು. ಆದ್ದರಿಂದ ಕೇಂದ್ರದಲ್ಲಿ ಆಪರೇಟರು ಟೈಪ್ ಮಾಡುತ್ತಿರುವಾಗ ನಿಮ್ಮ ಕಡೆಗಿರುವ ಪರದೆಯಿಂದ ಕಣ್ಣು ತೆಗೆಯಬೇಡಿ. ಅವರು ಇಂಗ್ಲಿಷ್‌ನಲ್ಲಿ ಒತ್ತಿದ್ದನ್ನು ಸಾಫ್ಟ್‌ವೇರು ಕನ್ನಡಕ್ಕೆ ತಂದುಕೊಳ್ಳುತ್ತದೆ. ಹ್ರಸ್ವ ದೀರ್ಘವಾಗುವುದು, ‘ಳ’ ಹೋಗಿ ‘ಲ’ ಬರುವುದು, ಅರ್ಧಾಕ್ಷರ ಪೂರ್ತಿಯಾಗುವುದು ಎಲ್ಲ ಅಲ್ಲಿಯೇ. ಸ್ವೀಕೃತಿ ಚೀಟಿ ಕೈಗೆ ಬಂದಾಗ ಎರಡೂ ಭಾಷೆಯ ಹೆಸರನ್ನು ಓದಿ, ತಪ್ಪಿದ್ದರೆ ಕುರ್ಚಿಯಿಂದ ಏಳುವ ಮೊದಲೇ ಹೇಳಿ. ಶುಲ್ಕ 2025ರ ಅಕ್ಟೋಬರ್‌ನಿಂದ 75 ರೂಪಾಯಿ. ಫೋಟೊ ಇಲ್ಲದ ಹಳೆಯ ಕೈಬರಹದ ಮದುವೆ ಪ್ರಮಾಣಪತ್ರ ಇಲ್ಲಿ ತಿರಸ್ಕೃತವಾಗುವ ಸಾಧ್ಯತೆ ಹೆಚ್ಚು.

ಆಧಾರ್ ಬದಲಾದ ಮೇಲೆ ಪ್ಯಾನ್. ಪ್ಯಾನ್ ತಿದ್ದುಪಡಿ ಅರ್ಜಿಯಲ್ಲಿ ಸಂಖ್ಯೆ ಬದಲಾಗುವುದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ. ಪ್ಯಾನ್‌ನ ಹತ್ತು ಅಕ್ಷರಗಳಲ್ಲಿ ಐದನೆಯದು ಸರ್‌ನೇಮಿನ ಮೊದಲಕ್ಷರ. ಸುಮಾ ನಾಗರಾಜ್‌ಗೆ ಅದು ‘ಎನ್’. ಅವಳು ಸುಮಾ ಹೆಗಡೆ ಆದ ಮೇಲೂ ಅದು ‘ಎನ್’ ಆಗಿಯೇ ಉಳಿಯುತ್ತದೆ, ‘ಎಚ್’ ಆಗುವುದಿಲ್ಲ. ಇದು ತಪ್ಪಲ್ಲ. ತಪ್ಪು ಎಂದುಕೊಂಡು ಹೊಸ ಪ್ಯಾನ್‌ಗೆ ಅರ್ಜಿ ಹಾಕಿದರೆ ಒಬ್ಬರಿಗೆ ಎರಡು ಪ್ಯಾನ್ ಆಗುತ್ತದೆ, ಅದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ 10,000 ರೂಪಾಯಿ ದಂಡವಿದೆ. ಮದುವೆಯ ಕಾರಣಕ್ಕೆ ಹೆಸರು ಬದಲಿಸುವವರಿಗೆ ಪ್ಯಾನ್ ಕೊಡುವ ಆದಾಯ ತೆರಿಗೆ ಇಲಾಖೆ ಬಹುಕಾಲದಿಂದ ಉದಾರಿಯಾಗಿದೆ. ಮದುವೆ ಪ್ರಮಾಣಪತ್ರ, ಗೆಜೆಟ್, ಗಂಡನ ಹೆಸರಿರುವ ಪಾಸ್‌ಪೋರ್ಟ್ ಇವುಗಳ ಜೊತೆಗೆ ಲಗ್ನಪತ್ರಿಕೆಯೂ ಅದರ ದಾಖಲೆ ಪಟ್ಟಿಯಲ್ಲಿ ಜಾಗ ಪಡೆದಿತ್ತು.

ಬ್ಯಾಂಕಿನಲ್ಲಿ ಆಗುವ ಜಗಳಕ್ಕೆ ಉತ್ತರ ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲೇ ಇದೆ. ಗುರುತಿನ ದಾಖಲೆ ಹಳೆಯ ಹೆಸರಿನಲ್ಲಿದ್ದರೂ, ರಾಜ್ಯ ಸರ್ಕಾರ ಕೊಟ್ಟ ಮದುವೆ ಪ್ರಮಾಣಪತ್ರ ಅಥವಾ ಗೆಜೆಟ್ ಅಧಿಸೂಚನೆ ಜೊತೆಗಿದ್ದರೆ ಆ ದಾಖಲೆಯನ್ನು ಸಿಂಧು ಎಂದೇ ಒಪ್ಪಿಕೊಳ್ಳಬೇಕು. ಆದರೆ ಅಲ್ಲಿಯೂ ‘ಹೆಸರು ಬದಲಾವಣೆಯನ್ನು ತೋರಿಸುವ’ ಎಂಬ ಮಾತಿದೆ. ಇನಿಷಿಯಲ್ಲಿನವರು ಮತ್ತೆ ಸಿಕ್ಕಿಬೀಳುವುದು ಇಲ್ಲಿಯೇ. ಹೆಸರಿನ ಜೊತೆ ಮಾದರಿ ಸಹಿಯನ್ನೂ ಬದಲಿಸಿ, ಹಳೆಯ ಹೆಸರಿನ ಚೆಕ್ ಪುಸ್ತಕ ವಾಪಸ್ ಕೊಡಿ. ಬ್ಯಾಂಕ್ ಖಾತೆ ಮತ್ತು ಪ್ಯಾನ್ ಬೇರೆ ಬೇರೆ ಹೆಸರಿನಲ್ಲಿ ಉಳಿದರೆ ಮೊದಲು ಕೈಕೊಡುವುದು ತೆರಿಗೆ ರೀಫಂಡ್. ಪೋರ್ಟಲಿನಲ್ಲಿ ಖಾತೆಯನ್ನು ದೃಢೀಕರಿಸುವಾಗಲೇ ಹೆಸರು ತಾಳೆಯಾಗದೆ ಹಣ ನಿಂತುಬಿಡುತ್ತದೆ. ಪಿಎಫ್‌ನಲ್ಲಿಯೂ ಆಧಾರ್‌ನ ಹೆಸರೇ ಇರಬೇಕು. 2017ರ ಅಕ್ಟೋಬರ್ 1ರಂದು ಅಥವಾ ನಂತರ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಪಡೆದು ಆಧಾರ್ ಜೋಡಿಸಿದವರು 2025ರ ಜನವರಿಯಿಂದ ಕಂಪನಿಯ ಅನುಮೋದನೆ ಇಲ್ಲದೆ ತಾವೇ ತಿದ್ದಿಕೊಳ್ಳಬಹುದು. ಅದಕ್ಕಿಂತ ಹಳೆಯ ಯುಎಎನ್ ಇದ್ದವರಿಗೆ ಕಂಪನಿಯ ಕೈ ತಾಗಲೇಬೇಕು. ಮತದಾರರ ಪಟ್ಟಿಗೆ ನಮೂನೆ 8, ಶುಲ್ಕವಿಲ್ಲ. ಡಿಎಲ್‌ಗೆ ಸಾರಥಿ ಪೋರ್ಟಲ್. ಇವೆರಡಕ್ಕೂ ಅವಸರವಿಲ್ಲ.

ಪಾಸ್‌ಪೋರ್ಟ್ ಮಾತ್ರ ದಿನಾಂಕ ನೋಡಿಕೊಂಡು ಮಾಡಬೇಕಾದ್ದು. ಅದರಲ್ಲಿ ‘ತಿದ್ದುಪಡಿ’ ಎಂಬುದಿಲ್ಲ, ಮರುವಿತರಣೆ ಮಾತ್ರ. 36 ಪುಟದ ಹೊಸ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ, ತತ್ಕಾಲ್ ಬೇಕಾದರೆ ಮೇಲೆ 2,000. ಹಳೆಯದನ್ನು ರದ್ದು ಮಾಡಿ ಮರಳಿಸುತ್ತಾರೆ. ಮದುವೆಗೆ ಮೊದಲೇ ಹಳೆಯ ಹೆಸರಿನಲ್ಲಿ ವಿದೇಶದ ವಿಮಾನ ಟಿಕೆಟ್ ತೆಗೆದು, ಮದುವೆಯಾದ ವಾರ ಪಾಸ್‌ಪೋರ್ಟ್ ಕಚೇರಿಗೆ ಹೋದವರ ಪಾಡು ಊಹಿಸಿ. ಟಿಕೆಟ್ಟಿನಲ್ಲಿ ಒಂದು ಹೆಸರು, ಕೈಯಲ್ಲಿ ಇನ್ನೊಂದು. ಪ್ರಯಾಣವಿದ್ದರೆ ಹಳೆಯ ಪಾಸ್‌ಪೋರ್ಟಿನಲ್ಲೇ ಹೋಗಿ ಬನ್ನಿ, ಆಮೇಲೆ ಬದಲಿಸಿ. ಅವಧಿ ಇರುವ ವೀಸಾ ಹಳೆಯ ಪುಸ್ತಕದಲ್ಲಿದ್ದರೆ ಆ ದೇಶದ ರಾಯಭಾರ ಕಚೇರಿಯ ನಿಯಮ ಓದದೆ ಮುಂದುವರಿಯಬೇಡಿ.

ಗೆಜೆಟ್ ಯಾರಿಗೆ ಬೇಕು

ಗಂಡನ ಮನೆತನದ ಹೆಸರನ್ನು ಇದ್ದ ಹಾಗೆ ತೆಗೆದುಕೊಳ್ಳುವವರಿಗೆ ಬೇಡ. ಎರಡೂ ಮನೆಯ ಹೆಸರು ಸೇರಿಸುವವರು, ಮೊದಲ ಹೆಸರು ಬದಲಿಸುವವರು, ಇನಿಷಿಯಲ್ ಬಿಡಿಸುವುದರ ಜೊತೆಗೆ ಗಂಡನ ಹೆಸರು ಹಾಕಿಕೊಳ್ಳುವವರು, ಹೆಂಡತಿಯ ಸರ್‌ನೇಮ್ ತೆಗೆದುಕೊಳ್ಳುವ ಗಂಡಸರು ಇವರಿಗೆಲ್ಲ ಬೇಕು. ಮೊದಲು ನೋಟರಿ ಮುಂದೆ ಅಫಿಡವಿಟ್. ಕರ್ನಾಟಕದಲ್ಲಿ ಇದರ ಮುದ್ರಾಂಕ ಶುಲ್ಕ 20 ರೂಪಾಯಿ ಇದ್ದದ್ದು 2024ರ ಫೆಬ್ರುವರಿಯಲ್ಲಿ 100 ಆಯಿತು. ಹಳೆಯ ಹೆಸರು, ಹೊಸ ಹೆಸರು, ತಂದೆ, ಗಂಡ, ವಿಳಾಸ, ಮದುವೆಯ ದಿನಾಂಕ, ‘ಈ ಎರಡೂ ಹೆಸರು ನನ್ನೊಬ್ಬಳವೇ’ ಎಂಬ ಸಾಲು ಇವಿಷ್ಟು ಇರಲಿ. ದಾಖಲೆಗಳಲ್ಲಿ ‘ಸುಮಾ ಎನ್’, ‘ಸುಮಾ ನಾಗರಾಜ್’ ಎರಡೂ ಇದ್ದರೆ ಎರಡನ್ನೂ ಹಳೆಯ ಹೆಸರುಗಳೆಂದು ಬರೆಯಬೇಕು. ಒಂದನ್ನು ಬಿಟ್ಟರೆ ಅದೊಂದು ದಾಖಲೆ ಅನಾಥ.

ನಂತರ ಪತ್ರಿಕಾ ಜಾಹೀರಾತು. ಅಗ್ಗ ಎಂದು ಕನ್ನಡ ಪತ್ರಿಕೆಯಲ್ಲಿ ಮಾತ್ರ ಹಾಕಿಸಿದರೆ ಇಂಗ್ಲಿಷ್ ಕಾಗುಣಿತಕ್ಕೆ ಪುರಾವೆ ಸಿಗುವುದಿಲ್ಲ, ಬೇಕಿದ್ದುದೇ ಅದು. ಒಂದು ಇಂಗ್ಲಿಷ್, ಒಂದು ಕನ್ನಡ ಇರಲಿ. ಜಾಹೀರಾತಿನ ಚೂರನ್ನು ಕತ್ತರಿಸಬೇಡಿ, ಪತ್ರಿಕೆಯ ಹೆಸರು ಮತ್ತು ದಿನಾಂಕ ಕಾಣುವ ಪೂರ್ತಿ ಪುಟ ಎತ್ತಿಡಿ. ಆಮೇಲೆ ಗೆಜೆಟ್ ಹೊರತರುವ ದೆಹಲಿಯ ಪ್ರಕಟಣಾ ಇಲಾಖೆಗೆ ನಿಗದಿತ ನಮೂನೆ, ಇಬ್ಬರು ಸಾಕ್ಷಿಗಳ ಸಹಿ, ಎರಡು ಫೋಟೊ, ಗುರುತಿನ ಚೀಟಿ, ಪತ್ರಿಕೆಯ ಮೂಲ ಪ್ರತಿ, ನಮೂನೆಯ ಸಾಫ್ಟ್ ಕಾಪಿ, ‘ಕಾಗದದ ಪ್ರತಿಯೂ ಸಾಫ್ಟ್ ಕಾಪಿಯೂ ಒಂದೇ’ ಎಂಬ ದೃಢೀಕರಣ, ಶುಲ್ಕ. ಅಫಿಡವಿಟ್, ಜಾಹೀರಾತು, ನಮೂನೆ ಮೂರರಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಕಡತ ಹಿಂದಕ್ಕೆ. ಭಾರತದ ರಾಜಪತ್ರದ ನಾಲ್ಕನೆಯ ಭಾಗದಲ್ಲಿ ಪ್ರಕಟವಾದ ಮೇಲೆ ಇ-ಗೆಜೆಟ್ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಅದೇ ಭಾಗದಲ್ಲಿ, ಖಾಸಗಿ ಹೆಸರು ಬದಲಾವಣೆಯ ಪ್ರಕಟಣೆಗಳಿಗೆ ಸರ್ಕಾರ ಕಾನೂನು ಹೊಣೆ ಹೊರುವುದಿಲ್ಲ ಎಂಬ ಸೂಚನೆಯನ್ನೂ ಅಚ್ಚು ಹಾಕುತ್ತಾರೆ. ಸರ್ಕಾರ ನಿಮಗೆ ಹೊಸ ಹೆಸರು ‘ಕೊಡುವುದಿಲ್ಲ’, ನೀವು ಇಟ್ಟುಕೊಂಡದ್ದನ್ನು ಅಚ್ಚು ಹಾಕುತ್ತದೆ.

ಎಲ್ಲವನ್ನೂ ಬದಲಿಸಲು ಹೋಗಬೇಕಿಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ ಪ್ರಮಾಣಪತ್ರಗಳು ಆಗ ಇದ್ದ ಹೆಸರಿನಲ್ಲಿ ಸರಿಯಾಗಿಯೇ ಇವೆ, ಅವುಗಳ ಜೊತೆ ಮದುವೆ ಪ್ರಮಾಣಪತ್ರ ಅಥವಾ ಗೆಜೆಟ್ ಲಗತ್ತಿಸಿದರೆ ಸಾಕು. ಹಳೆಯ ಹೆಸರಿನಲ್ಲಿ ಕೊಂಡ ನಿವೇಶನದ ಕ್ರಯಪತ್ರವನ್ನೂ ಮತ್ತೆ ನೋಂದಣಿ ಮಾಡಿಸುವ ಅಗತ್ಯವಿಲ್ಲ. ಮುಂದೆ ಮಾರುವಾಗ ಅಥವಾ ಅಡ ಇಡುವಾಗ ಪತ್ರದಲ್ಲಿ ‘ಸುಮಾ ನಾಗರಾಜ್ ಉರುಫ್ ಸುಮಾ ಹೆಗಡೆ’ ಎಂದು ಎರಡೂ ಹೆಸರು ಬರೆಸಿದರೆ ಕೊಂಡಿ ಕೂಡಿಕೊಳ್ಳುತ್ತದೆ.

ಹಿಂತಿರುಗುವ ದಾರಿ

ಹೋಗುವ ದಾರಿಗಿಂತ ಬರುವ ದಾರಿ ಕಿರಿದು. ತವರಿನ ಸರ್‌ನೇಮಿಗೆ ಮರಳಲು ಬಯಸುವ ಹೆಣ್ಣುಮಕ್ಕಳಿಂದ ಪ್ರಕಟಣಾ ಇಲಾಖೆ ವಿಚ್ಛೇದನದ ಡಿಕ್ರಿಯನ್ನೋ ಗಂಡನ ನಿರಾಕ್ಷೇಪಣಾ ಪತ್ರವನ್ನೋ ಕೇಳಿತ್ತು. ಪ್ರಕರಣ ಕೋರ್ಟಿನಲ್ಲಿದ್ದರೆ ಅಂತಿಮ ತೀರ್ಪಿನವರೆಗೆ ಹೆಸರು ಬದಲಾಗದು ಎಂದೂ ಅದರ ಸೂಚನೆಯಲ್ಲಿತ್ತು. 2024ರಲ್ಲಿ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಪ್ರಶ್ನೆ ನ್ಯಾಯವಾದದ್ದೇ. ತಂದೆಯ ಹೆಸರು ಬಿಟ್ಟು ಗಂಡನದು ಹಾಕಿಕೊಳ್ಳುವಾಗ ತಂದೆಯಿಂದ ನಿರಾಕ್ಷೇಪಣಾ ಪತ್ರ ತನ್ನಿ ಎಂದು ಯಾವ ಕಚೇರಿಯೂ ಕೇಳುವುದಿಲ್ಲ. ಇನ್ನೊಂದು ಕಡೆ, ಕೇಂದ್ರ ಸರ್ಕಾರಿ ನೌಕರರಿಗೆ 1987ರಲ್ಲೇ ಹೊರಟ ಸೂಚನೆ ಎಷ್ಟೋ ಸರಳವಾಗಿದೆ: ಮದುವೆಯಾದಾಗಲೂ, ವಿಚ್ಛೇದನ ಅಥವಾ ಗಂಡನ ಸಾವಿನ ನಂತರ ತವರಿನ ಹೆಸರಿಗೆ ಮರಳುವಾಗಲೂ, ಮಹಿಳಾ ನೌಕರರು ನೇಮಕಾತಿ ಪ್ರಾಧಿಕಾರಕ್ಕೆ ವಿಷಯ ತಿಳಿಸಿ ಲಿಖಿತ ಮನವಿ ಕೊಟ್ಟರೆ ಸಾಕು.

ಮಕ್ಕಳ ಸರ್‌ನೇಮಿನ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ. ಮೊದಲ ಗಂಡ ತೀರಿಕೊಂಡು ಮರುಮದುವೆಯಾದ ತಾಯಿಗೆ, ಮಗುವಿನ ಸಹಜ ಪಾಲಕಿಯಾಗಿ ಅದರ ಸರ್‌ನೇಮ್ ನಿರ್ಧರಿಸುವ ಹಕ್ಕಿದೆ. ಆದರೆ ತಾಯಿ ತನ್ನ ಹೆಸರು ಬದಲಿಸಿಕೊಂಡ ಮಾತ್ರಕ್ಕೆ ಮಗುವಿನ ಜನನ ಪ್ರಮಾಣಪತ್ರದಲ್ಲಿರುವ ಅವಳ ಹೆಸರು ತಾನಾಗಿ ಬದಲಾಗುವುದಿಲ್ಲ. ಮಗುವಿನ ಪಾಸ್‌ಪೋರ್ಟ್ ಅರ್ಜಿಯ ದಿನ ಅದು ನೆನಪಾದರೆ ಬಹಳ ತಡವಾಗಿರುತ್ತದೆ. ಮದುವೆ ಪ್ರಮಾಣಪತ್ರ, ಗೆಜೆಟ್ ಪ್ರತಿ, ಪತ್ರಿಕೆಯ ಪುಟ ಮತ್ತು ಹಳೆಯ ಹೆಸರಿನ ಒಂದಾದರೂ ಫೋಟೊ ಇರುವ ಗುರುತಿನ ಚೀಟಿ, ಈ ನಾಲ್ಕನ್ನು ಆ ಹೊತ್ತಿಗಾಗಿ ಒಂದೇ ಕಡತದಲ್ಲಿ ಇಟ್ಟಿರಿ. ಹಳೆಯ ಚೀಟಿ ಇನ್ನು ಬೇಡವೆಂದು ಹರಿದು ಹಾಕಿದವರಿಗೆ ಎರಡು ಹೆಸರೂ ತಮ್ಮದೇ ಎಂದು ತೋರಿಸಲು ಮತ್ತೆ ಅಫಿಡವಿಟ್ಟಿನಿಂದಲೇ ಶುರುಮಾಡಬೇಕಾಗುತ್ತದೆ.